‘ಬರ್ಕ್’ ಎಂಬ ಇಂಗ್ಲಿಷ್ ಕ್ರಿಯಾಪದ: ಉಸಿರುಗಟ್ಟಿಸುವುದೋ, ಮುಚ್ಚಿಹಾಕುವುದೋ?

ಅರ್ಧವಿರಾಮ:
ಎಲ್ಲರಿಗೂ ನಮಸ್ಕಾರ. ಒಂದು ವಿಚಾರಣಾ ವರದಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ದೂರನ್ನು ‘ಬರ್ಕ್’ ಮಾಡಲಾಯಿತು ಎನ್ನುವ ವಾಕ್ಯ ಎರಡು ಕಡೆ ಬಂದಿದೆ. ಸ್ಪೆಲಿಂಗ್ ಬಿ, ಯು, ಆರ್, ಕೆ, ಇ. ಮೊದಲ ಅಕ್ಷರ ಚಿಕ್ಕದು, ಹಾಗಾಗಿ ಯಾರದೋ ಹೆಸರು ಅಲ್ಲ ಅಂದುಕೊಂಡೆ. ನಿಘಂಟು ತೆಗೆದರೆ ಎರಡು ಅರ್ಥ. ಒಂದು, ಗಾಯದ ಗುರುತು ಉಳಿಯದ ಹಾಗೆ ಉಸಿರುಗಟ್ಟಿಸಿ ಕೊಲ್ಲುವುದು. ಇನ್ನೊಂದು, ಚರ್ಚೆಯನ್ನೋ ತನಿಖೆಯನ್ನೋ ಸದ್ದಿಲ್ಲದೆ ಹತ್ತಿಕ್ಕುವುದು. ಕೊಲೆಗೂ ಕಡತಕ್ಕೂ ಎಲ್ಲಿಯ ನಂಟು? ಈ ಪದದ ಹುಟ್ಟು ಗೊತ್ತಿದ್ದವರು ಹೇಳಿ. ಕನ್ನಡದಲ್ಲಿ ಏನು ಬಳಸಬಹುದು ಅಂತಲೂ ಸೂಚಿಸಿ. ‘ಮುಚ್ಚಿಹಾಕಲಾಯಿತು’ ಎಂದು ಬರೆದಿಟ್ಟಿದ್ದೇನೆ, ಆದರೆ ಮನಸ್ಸು ಒಪ್ಪುತ್ತಿಲ್ಲ.

ಸುಮ್ನೆಬಂದೆ:
ಬರ್ಕ್ ಅಂದ್ರೆ ಪೆದ್ದ ಅಲ್ವಾ? ಬ್ರಿಟಿಷ್ ಹಾಸ್ಯ ಧಾರಾವಾಹಿಗಳಲ್ಲಿ ಒಬ್ಬರಿಗೊಬ್ಬರು ಬೈಕೊಳ್ತಾರೆ.

ನಿಘಂಟುಪ್ರಿಯೆ:
ಅದು ಬೇರೆ, ಬಿ-ಇ-ಆರ್-ಕೆ. ನಾಮಪದ. ಲಂಡನ್ನಿನ ಪ್ರಾಸದ ಆಡುನುಡಿಯಿಂದ 20ನೇ ಶತಮಾನದಲ್ಲಿ ಬಂದದ್ದು, ಮೂಲದಲ್ಲಿ ಅಶ್ಲೀಲ ಬೈಗುಳ, ಇಲ್ಲಿ ಬಿಡಿಸಿ ಹೇಳುವಂಥದ್ದಲ್ಲ. ಕೆಲವರು ಅದನ್ನೂ ‘ಯು’ ಹಾಕಿ ಬರೆಯುವುದರಿಂದ ಗೊಂದಲ. ಎರಡಕ್ಕೂ ಸಂಬಂಧವಿಲ್ಲ.

ತಕರಾರು:
ನನಗನ್ನಿಸುವುದು ಇದು ಎಡ್ಮಂಡ್ ಬರ್ಕ್‌ನಿಂದ ಬಂದಿರಬೇಕು. ವಾರನ್ ಹೇಸ್ಟಿಂಗ್ಸ್ ಮೇಲೆ ಮಹಾಭಿಯೋಗ ಹೂಡಿ ಸಂಸತ್ತಿನಲ್ಲಿ ದಿನಗಟ್ಟಲೆ ಭಾಷಣ ಮಾಡಿದವನು. ಅಷ್ಟು ಹೊತ್ತು ಒಬ್ಬನೇ ಮಾತಾಡಿದರೆ ಉಳಿದವರ ಬಾಯಿ ತಾನಾಗಿ ಮುಚ್ಚುತ್ತದೆ. ಚರ್ಚೆಯನ್ನು ಹತ್ತಿಕ್ಕುವುದು ಎಂಬ ಅರ್ಥಕ್ಕೆ ಸರಿಯಾಗಿ ಕೂರುತ್ತದಲ್ಲ.

ಹಳೇಸಂಪುಟ:
ಕೂರುತ್ತದೆ, ಆದರೆ ಕಾಲ ಕೂರುವುದಿಲ್ಲ. ಹೇಸ್ಟಿಂಗ್ಸ್ ವಿಚಾರಣೆ 1788ರಿಂದ 1795ರವರೆಗೆ ನಡೆಯಿತು, ಎಡ್ಮಂಡ್ ಬರ್ಕ್ 1797ರಲ್ಲಿ ತೀರಿಕೊಂಡ. ಈ ಕ್ರಿಯಾಪದ ಮೊದಲು ಕಾಣಿಸಿಕೊಳ್ಳುವುದೇ 1829ರಲ್ಲಿ. ಹಾಗೊಂದು ಅರ್ಥ ಆತನಿಂದ ಬಂದಿದ್ದರೆ ಮೂವತ್ತು ವರ್ಷ ಸುಮ್ಮನೆ ಇರುತ್ತಿರಲಿಲ್ಲ. ಇದು ಇನ್ನೊಬ್ಬ ಬರ್ಕ್, ವಿಲಿಯಂ ಬರ್ಕ್. ಇಬ್ಬರೂ ಐರ್ಲೆಂಡಿನವರು ಎಂಬುದಷ್ಟೇ ಸಮಾನ. ಅಲ್ಲಿ ಆ ಮನೆತನದ ಹೆಸರು ಧಾರಾಳ. ನಾರ್ಮನ್ನರ ಕಾಲದಲ್ಲಿ ಬಂದ ‘ಡಿ ಬರ್ಗ್’ ವಂಶದ ಹೆಸರು ಸವೆದು ಬರ್ಕ್ ಆಯಿತು. ‘ಬರ್ಗ್’ ಎಂದರೆ ಕೋಟೆಯುಳ್ಳ ಊರು. ಎಡಿನ್‌ಬರೋ ಎಂಬ ಹೆಸರಿನ ಬಾಲದಲ್ಲಿರುವುದೂ ಅದೇ. ವಿಲಿಯಂ ಬರ್ಕ್ ಹೆಸರು ಮಾಡಿದ್ದು, ಹೆಸರು ಕೆಡಿಸಿಕೊಂಡಿದ್ದು ಎರಡೂ ಆ ಎಡಿನ್‌ಬರೋದಲ್ಲೇ. ಸಂಜೆ ಕೂತು ವಿವರವಾಗಿ ಬರೆಯುತ್ತೇನೆ.

ಫೊರೆನ್ಸಿಕ್‌ಭಯ:
ಅಯ್ಯೋ ಇದು ನಮ್ಮ ಪರೀಕ್ಷೆಯ ಪ್ರಶ್ನೆ! ಎಂಬಿಬಿಎಸ್ ಮಾಡಿದ ಯಾರನ್ನಾದರೂ ಕೇಳಿ, ‘ಬರ್ಕಿಂಗ್’ ಅಂದ ತಕ್ಷಣ ಹೇಳ್ತಾರೆ. ಫೊರೆನ್ಸಿಕ್ ಮೆಡಿಸಿನ್ ಪಠ್ಯದಲ್ಲಿ ಉಸಿರುಗಟ್ಟಿ ಸಾಯುವ ಬಗೆಗಳ ಅಧ್ಯಾಯ ಇದೆ. ನೇಣು, ಕತ್ತು ಹಿಸುಕುವುದು, ಮುಳುಗುವುದು, ಬಾಯಿ-ಮೂಗು ಮುಚ್ಚುವುದು, ಎದೆ ಅದುಮಿ ಉಸಿರಾಡಲು ಬಿಡದಿರುವುದು. ಈ ಕೊನೆಯ ಎರಡೂ ಒಟ್ಟಿಗೆ ಸೇರಿದರೆ ಬರ್ಕಿಂಗ್. ಒಬ್ಬ ಎದೆಯ ಮೇಲೆ ತನ್ನ ಮೈಭಾರ ಹಾಕ್ತಾನೆ, ಇನ್ನೊಬ್ಬ ಬಾಯಿ, ಮೂಗು ಎರಡನ್ನೂ ಅಂಗೈಯಲ್ಲಿ ಒತ್ತಿ ಹಿಡೀತಾನೆ. ಕುಡಿದು ಮತ್ತಿನಲ್ಲಿರುವವರು, ಮುದುಕರು, ಕಾಯಿಲೆಯವರು ಇದಕ್ಕೆ ಸುಲಭವಾಗಿ ತುತ್ತಾಗ್ತಾರೆ, ಯಾಕಂದ್ರೆ ಒದ್ದಾಡುವ ಶಕ್ತಿ ಇರಲ್ಲ.

ಕತ್ತಿನ ಮೇಲೆ ಹಗ್ಗದ ಗುರುತು ಇರಲ್ಲ, ಬೆರಳಿನ ಗುರುತೂ ಇರಲ್ಲ. ಹೊರಗಿನಿಂದ ನೋಡಿದ್ರೆ ಸಹಜ ಸಾವಿನ ಹಾಗೇ ಕಾಣಬಹುದು. ನಮ್ಮ ಪ್ರೊಫೆಸರ್ ಒತ್ತಿ ಹೇಳುತ್ತಿದ್ದದ್ದು ಇದೊಂದನ್ನೇ.

ನಮಗೆ ಬರ್ಕ್ ಮತ್ತು ಹೇರ್ ಅಂತ ಇಬ್ಬರ ಹೆಸರು ಬಂದ್ರೆ ಅಂಕ ಕೊಡ್ತಾರೆ. ಅದರಾಚೆಗೆ ಕಥೆ ಹೇಳಿಲ್ಲ. ಹಳೇಸಂಪುಟ ಸರ್, ಬೇಗ ಬರೀರಿ.

ಹಳೇಸಂಪುಟ:
ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

1820ರ ದಶಕದ ಎಡಿನ್‌ಬರೋ ವೈದ್ಯಶಿಕ್ಷಣಕ್ಕೆ ಯುರೋಪಿನಲ್ಲೇ ಹೆಸರಾದ ಊರು. ವಿಶ್ವವಿದ್ಯಾಲಯದ ತರಗತಿಯಲ್ಲದೆ ಹೊರಗೆ ಖಾಸಗಿಯಾಗಿ ಅಂಗರಚನಾಶಾಸ್ತ್ರ ಹೇಳಿಕೊಡುವ ಶಿಕ್ಷಕರೂ ಇದ್ದರು. ಅವರಲ್ಲಿ ಭಾರಿ ಜನಪ್ರಿಯನಾಗಿದ್ದವನು ಡಾ. ರಾಬರ್ಟ್ ನಾಕ್ಸ್. ಸರ್ಜನ್ಸ್ ಸ್ಕ್ವೇರ್‌ನಲ್ಲಿದ್ದ ಅವನ ತರಗತಿಗೆ ಸುಮಾರು 500 ವಿದ್ಯಾರ್ಥಿಗಳು. ಅಷ್ಟು ಜನರಿಗೆ ಕೊಯ್ದು ತೋರಿಸಲು ಹೆಣಗಳು ಬೇಕು. ಕಾನೂನು ಪ್ರಕಾರ ಸಿಗುತ್ತಿದ್ದದ್ದು ಮುಖ್ಯವಾಗಿ ಕೊಲೆ ಮಾಡಿ ಗಲ್ಲಿಗೇರಿದವರ ದೇಹಗಳು. 1752ರಿಂದ ಜಾರಿಯಲ್ಲಿದ್ದ ಕಾನೂನು ಅದು. ಕೊಲೆಗಾರನಿಗೆ ಗಲ್ಲಿನ ಮೇಲೆ ಇನ್ನೊಂದು ಅವಮಾನ ಇರಲಿ ಎಂದು ಮಾಡಿದ್ದು. ಗಲ್ಲುಗಳು ಕಡಿಮೆಯಾಗುತ್ತಿದ್ದವು, ವಿದ್ಯಾರ್ಥಿಗಳು ಹೆಚ್ಚುತ್ತಿದ್ದರು. ನಡುವಿನ ಅಂತರವನ್ನು ತುಂಬುತ್ತಿದ್ದವರು ರಾತ್ರಿ ಸಮಾಧಿ ಅಗೆದು ಹೊಸ ಹೆಣ ಕದಿಯುವವರು. ಸ್ಕಾಟ್ಲೆಂಡಿನ ಹಳೆಯ ಚರ್ಚುಗಳ ಸ್ಮಶಾನದಲ್ಲಿ ಸಮಾಧಿಗಳ ಮೇಲೆ ಕಬ್ಬಿಣದ ಪಂಜರಗಳು, ಕಾವಲು ಗೋಪುರಗಳು ಇವತ್ತಿಗೂ ಇವೆ. ಸತ್ತವರು ಎದ್ದು ಬಾರದಿರಲಿ ಎಂದಲ್ಲ, ಬದುಕಿರುವವರು ಎತ್ತಿಕೊಂಡು ಹೋಗದಿರಲಿ ಎಂದು.

ಸಾಮಾನ್ಯವಾಗಿ ಜನ ಬರ್ಕ್ ಮತ್ತು ಹೇರ್ ಕೂಡ ಹೀಗೆ ಹೆಣ ಕದಿಯುವವರು ಎಂದುಕೊಳ್ಳುತ್ತಾರೆ. ಅವರು ಒಂದು ಸಮಾಧಿಯನ್ನೂ ಅಗೆಯಲಿಲ್ಲ. ಇಬ್ಬರೂ ಐರ್ಲೆಂಡಿನಿಂದ ಕೂಲಿಗೆ ಬಂದು ಯೂನಿಯನ್ ಕಾಲುವೆ ತೋಡುವ ಕೆಲಸ ಮಾಡಿದವರು. ಆಮೇಲೆ ಬರ್ಕ್ ಚಪ್ಪಲಿ ಹೊಲಿಯುತ್ತಿದ್ದ. ಹೇರ್ ಮತ್ತು ಅವನ ಹೆಂಡತಿ ವೆಸ್ಟ್ ಪೋರ್ಟ್ ಎಂಬ ಬಡ ಬಡಾವಣೆಯ ಟ್ಯಾನರ್ಸ್ ಕ್ಲೋಸ್ ಓಣಿಯಲ್ಲಿ ಬಾಡಿಗೆ ಹಾಸಿಗೆಯ ವಸತಿಮನೆ ನಡೆಸುತ್ತಿದ್ದರು. 1827ರ ನವೆಂಬರಿನಲ್ಲಿ ಅಲ್ಲಿದ್ದ ಡೊನಾಲ್ಡ್ ಎಂಬ ಮುದಿ ಪಿಂಚಣಿದಾರ ಸೈನಿಕ ಕಾಯಿಲೆಯಿಂದಲೇ ಸತ್ತ. ಅವನು ಹೇರ್‌ಗೆ 4 ಪೌಂಡ್ ಬಾಡಿಗೆ ಬಾಕಿ ಉಳಿಸಿದ್ದ. ಇಬ್ಬರೂ ಸೇರಿ ಪೆಟ್ಟಿಗೆಯಲ್ಲಿ ಬೇರೇನೋ ತುಂಬಿ ಹೂಳಲು ಕಳಿಸಿ, ಹೆಣವನ್ನು ನಾಕ್ಸ್‌ನ ಕಡೆಯವರಿಗೆ ಮಾರಿದರು. ಸಿಕ್ಕಿದ್ದು 7 ಪೌಂಡ್ 10 ಶಿಲಿಂಗ್.

ಬಾಕಿ ವಸೂಲಾಗಿ ಮೇಲೆ ಉಳಿಯಿತು. ಮುಂದಿನ ಹೆಣಕ್ಕೆ ಕಾಯುವುದೇಕೆ ಅನ್ನಿಸಿತು. 1828ರ ಅಕ್ಟೋಬರ್ ಕೊನೆಯವರೆಗೆ ಹದಿನಾರು ಕೊಲೆ. ಬಹುಪಾಲು ಬಡವರು, ಅವರಲ್ಲೂ ಹೆಂಗಸರು ಹೆಚ್ಚು. ಹೆಂಡ ಕುಡಿಸುವುದು, ಮತ್ತೇರಿದ ಮೇಲೆ ಮೇಲಿನ ಡಾಕ್ಟರಮ್ಮ ವಿವರಿಸಿದ ಹಾಗೆ ಮಾಡುವುದು. ಈ ವಿಧಾನವೇ ಏಕೆ ಎಂದರೆ, ಗಾಯವಾದ ಹೆಣವನ್ನು ತಂದರೆ ಕೊಳ್ಳುವವನು ಪ್ರಶ್ನೆ ಕೇಳಬೇಕಾಗುತ್ತದೆ. ಗುರುತಿಲ್ಲದ ಹೆಣಕ್ಕೆ ಪ್ರಶ್ನೆ ಇಲ್ಲ. ನಾಕ್ಸ್‌ನ ಕಡೆಯವರು ಚಳಿಗಾಲದಲ್ಲಿ 10 ಪೌಂಡ್, ಬೇಸಿಗೆಯಲ್ಲಿ 8 ಪೌಂಡ್ ಕೊಡುತ್ತಿದ್ದರು. ಬೇಸಿಗೆಯಲ್ಲಿ ಹೆಣ ಬೇಗ ಕೆಡುತ್ತದೆ ಎಂದು ಕಡಿಮೆ ದರ.

ಕೊನೆಗೆ ಸಿಕ್ಕಿಬಿದ್ದದ್ದು ಡೊಚರ್ಟಿ ಎಂಬ ಹೆಂಗಸಿನ ಕೊಲೆಯಲ್ಲಿ. ಬರ್ಕ್‌ನ ಮನೆಯಲ್ಲಿ ತಂಗಿದ್ದ ಗ್ರೇ ದಂಪತಿಗೆ ಹುಲ್ಲಿನಡಿ ಹೆಣ ಕಂಡಿತು. ಬಾಯಿ ಬಿಡದಿದ್ದರೆ ವಾರಕ್ಕೆ 10 ಪೌಂಡ್ ಸಿಗುತ್ತದೆ ಎಂದು ಬರ್ಕ್‌ನ ಸಂಗಾತಿ ಹೆಲೆನ್ ಮೆಕ್‌ಡೂಗಲ್ ಆಸೆ ತೋರಿಸಿದಳು. ಬಡತನದಲ್ಲಿದ್ದ ಆ ದಂಪತಿ ಹಣಕ್ಕೆ ಆಸೆಪಡದೆ ನೇರ ಪೊಲೀಸರ ಹತ್ತಿರ ಹೋದರು. ಈ ಕಥೆಯಲ್ಲಿ ನನಗೆ ಗೌರವ ಇರುವುದು ಅವರಿಬ್ಬರ ಮೇಲೆ ಮಾತ್ರ.

ಸುಮ್ನೆಬಂದೆ:
ಹದಿನಾರು!! ರಾತ್ರಿ ಹೊತ್ತು ಓದಬಾರದಿತ್ತು ಇದನ್ನ.

ಕಾಗುಣಿತ:
ಇಬ್ಬರೂ ಸೇರಿ ಮಾಡಿದ್ದು ಅಂದಮೇಲೆ ಬರ್ಕ್ ಒಬ್ಬನ ಹೆಸರು ಯಾಕೆ ಕ್ರಿಯಾಪದ ಆಯ್ತು? ‘ಹೇರ್ ಮಾಡು’ ಅಂತ ಯಾಕಿಲ್ಲ? ವಸತಿಮನೆ ಅವನದು, ಮೊದಲ ಹೆಣದ ಬಾಕಿಯೂ ಅವನದೇ.

ತಕರಾರು:
ಒಳ್ಳೇ ಪ್ರಶ್ನೆ. ಹೇರ್ ಅಂದ್ರೆ ಮೊಲ, ಇಂಗ್ಲಿಷಲ್ಲಿ ಆ ಹೆಸರಿನ ಕ್ರಿಯಾಪದವೇ ಇದೆ, ಓಟ ಕೀಳುವುದು ಅಂತ. ಜಾಗ ಖಾಲಿ ಇರಲಿಲ್ಲ.

ಹಳೇಸಂಪುಟ:
ಮೊಲದ ಕ್ರಿಯಾಪದ ಬಳಕೆಗೆ ಬಂದದ್ದು ಆ ಶತಮಾನದ ಕೊನೆಗೆ. 1829ರಲ್ಲಿ ಜಾಗ ಖಾಲಿಯೇ ಇತ್ತು.

ನಿಜವಾದ ಕಾರಣ ಆ ‘ಗುರುತಿಲ್ಲ’ ಎನ್ನುವುದರಲ್ಲೇ ಇದೆ. ಡೊಚರ್ಟಿಯ ದೇಹವನ್ನು ಪರೀಕ್ಷಿಸಿದವರಲ್ಲಿ ರಾಬರ್ಟ್ ಕ್ರಿಸ್ಟಿಸನ್ ಒಬ್ಬ, ಬ್ರಿಟನ್ನಿನ ನ್ಯಾಯವೈದ್ಯಶಾಸ್ತ್ರದಲ್ಲಿ ದೊಡ್ಡ ಹೆಸರು. ಉಸಿರುಗಟ್ಟಿಸಿ ಕೊಂದಿರುವ ಸಂಭವ ಇದೆ ಎಂದು ಹೇಳಬಹುದೇ ಹೊರತು ದೇಹದ ಆಧಾರದ ಮೇಲೆ ಖಚಿತವಾಗಿ ಸಾಧಿಸಲಾಗದು ಎಂಬ ಕಡೆಗೇ ವೈದ್ಯರ ಅಭಿಪ್ರಾಯ ನಿಂತಿತು. ಉಳಿದ ಹದಿನೈದು ದೇಹಗಳು ಆಗಲೇ ವಿದ್ಯಾರ್ಥಿಗಳ ಕತ್ತಿಯಡಿ ಮುಗಿದುಹೋಗಿದ್ದವು. ಸರ್ಕಾರದ ಕಡೆಯ ಮುಖ್ಯ ವಕೀಲ ವಿಲಿಯಂ ರೇಗೆ ಬೇರೆ ದಾರಿ ಉಳಿಯಲಿಲ್ಲ. ನಾಲ್ವರು ಆರೋಪಿಗಳಲ್ಲಿ ಯಾರಾದರೂ ಬಾಯಿಬಿಡಬೇಕು. ಹೇರ್‌ಗೆ ಕ್ಷಮಾದಾನದ ಮಾತು ಕೊಟ್ಟು ಮಾಫಿ ಸಾಕ್ಷಿ ಮಾಡಿದರು. ಗಂಡ ಸಾಕ್ಷಿಯಾದ ಮೇಲೆ ಹೆಂಡತಿಯೂ ಪಾರಾದಳು.

1828ರ ಡಿಸೆಂಬರ್ 24ರ ಬೆಳಿಗ್ಗೆ ವಿಚಾರಣೆ ಶುರುವಾಗಿ ರಾತ್ರಿಯಿಡೀ ನಡೆದು ಕ್ರಿಸ್ಮಸ್ ದಿನ ಬೆಳಿಗ್ಗೆ ತೀರ್ಪು ಬಂತು. ಬರ್ಕ್‌ಗೆ ಗಲ್ಲು. ಹೆಲೆನ್ ಮೆಕ್‌ಡೂಗಲ್ ಮೇಲಿನ ಆರೋಪ ‘ಸಾಬೀತಾಗಿಲ್ಲ’ (ಸ್ಕಾಟ್ಲೆಂಡಿನಲ್ಲಿ ತಪ್ಪಿತಸ್ಥ, ನಿರ್ದೋಷಿ ಎರಡೂ ಅಲ್ಲದ ಈ ಮೂರನೇ ತೀರ್ಪು ಇತ್ತು). 1829ರ ಜನವರಿ 28ರಂದು ಲಾನ್‌ಮಾರ್ಕೆಟ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ ಗಲ್ಲಾಯಿತು. ಕೊರಳಿಗೆ ಹಗ್ಗ ಹಾಕುವಾಗ ಗುಂಪು ‘ಬರ್ಕ್ ಹಿಮ್’ ಎಂದು ಕೂಗಿತೆಂದು ಆಗಿನ ಪತ್ರಿಕೆಗಳು ಬರೆದವು. ಹಗ್ಗ ಬೇಡ, ಅವನು ಮಾಡಿದ ಹಾಗೇ ಅವನಿಗೂ ಮಾಡಿ ಎಂದು. ಕ್ರಿಯಾಪದ ಹುಟ್ಟಿದ್ದು ಅಲ್ಲಿ, ಜನರ ಬಾಯಲ್ಲಿ.

ಗಲ್ಲುಗಂಬದ ಮೇಲೆ ನಿಂತವನ ಹೆಸರು ಪದವಾಯಿತು, ಸಾಕ್ಷಿ ಹೇಳಿ ತಪ್ಪಿಸಿಕೊಂಡವನದು ಆಗಲಿಲ್ಲ. ಫೆಬ್ರವರಿಯಲ್ಲಿ ಹೇರ್‌ನ ಬಿಡುಗಡೆಯಾಯಿತು. ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ ಡಂಫ್ರೀಸ್ ಊರಿನಲ್ಲಿ ಜನ ಮುತ್ತಿಕೊಂಡರು, ಪೊಲೀಸರು ಕಾಪಾಡಿ ದಾಟಿಸಿದರು. ಇಂಗ್ಲೆಂಡಿನ ಕಡೆ ನಡೆದ ಮೇಲೆ ಅವನ ನಂಬಲರ್ಹ ದಾಖಲೆ ಇಲ್ಲ.

ಫೊರೆನ್ಸಿಕ್‌ಭಯ:
ಬರ್ಕ್‌ನ ದೇಹವನ್ನೂ ಕೊಯ್ದರಂತೆ ಅಲ್ವಾ ಸರ್? ಅಸ್ಥಿಪಂಜರ ಈಗಲೂ ಇದೆ ಅಂತ ಕೇಳಿದ್ದೇನೆ.

ಹಳೇಸಂಪುಟ:
ಹೌದಮ್ಮ. ಶಿಕ್ಷೆಯಲ್ಲೇ ಅದೂ ಸೇರಿತ್ತು. ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲೆಕ್ಸಾಂಡರ್ ಮನ್ರೋ ಕೊಯ್ದು ತೋರಿಸಿದ. ಒಳಗೆ ಬಿಡಿ ಎಂದು ವಿದ್ಯಾರ್ಥಿಗಳು ಗಲಾಟೆ ಮಾಡಿದರು, ಆಮೇಲೆ ಸಾವಿರಾರು ಜನ ಸಾಲಿನಲ್ಲಿ ನಿಂತು ನೋಡಿಹೋದರು. ಅಸ್ಥಿಪಂಜರ ಎಡಿನ್‌ಬರೋ ವಿಶ್ವವಿದ್ಯಾಲಯದ ಅಂಗರಚನಾ ವಸ್ತುಸಂಗ್ರಹಾಲಯದಲ್ಲಿದೆ. ಅವನ ಚರ್ಮದಿಂದ ಮಾಡಿದ್ದೆಂದು ಹೇಳುವ ಒಂದು ಪುಟ್ಟ ಕೈಪುಸ್ತಕದ ಹೊದಿಕೆ ಸರ್ಜನ್ಸ್ ಹಾಲ್ ಸಂಗ್ರಹಾಲಯದಲ್ಲಿದೆ. ಕೊಲೆಗಿಂತ ಈ ಎರಡನೆಯದು ನನಗೆ ಹೆಚ್ಚು ಹೇಸಿಗೆ ಹುಟ್ಟಿಸುತ್ತದೆ.

ತಕರಾರು:
ಮತ್ತೆ ಆ ನಾಕ್ಸ್? ಹದಿನಾರು ಹೆಣ ಕೊಂಡವನು ಏನಾದ? ಹೆಣದ ಮೇಲೆ ಮಣ್ಣಿನ ಗುರುತೇ ಇಲ್ಲ, ಇನ್ನೂ ಬೆಚ್ಚಗಿದೆ ಅಂದ್ರೆ ವೈದ್ಯನಿಗೆ ಗೊತ್ತಾಗಲ್ವಾ?

ಹಳೇಸಂಪುಟ:
ಮೊಕದ್ದಮೆಯೇ ಹೂಡಲಿಲ್ಲ. ಜನ ಅವನ ಪ್ರತಿಕೃತಿ ಮಾಡಿ ಸುಟ್ಟರು, ಮನೆಯ ಕಿಟಕಿ ಒಡೆದರು. ವಿಚಾರಣೆಗೆಂದು ಕೂತ ಸಮಿತಿ ಅವನಿಗೆ ಗೊತ್ತಿರಲಿಲ್ಲ, ಆದರೆ ಎಚ್ಚರ ಸಾಲದು ಎಂಬರ್ಥದ ಮಾತು ಹೇಳಿ ಮುಗಿಸಿತು. 1840ರ ದಶಕದಲ್ಲಿ ಎಡಿನ್‌ಬರೋ ಬಿಟ್ಟ, 1862ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ತಕರಾರು:
ಅಂದ್ರೆ ಬರ್ಕ್ ಪ್ರಕರಣದಲ್ಲೇ ಅರ್ಧ ಪ್ರಕರಣವನ್ನ ಬರ್ಕ್ ಮಾಡಿದರು ಅನ್ನಿ.

ನಿಘಂಟುಪ್ರಿಯೆ:
ಕಥೆ ಚೆನ್ನಾಗಿದೆ, ಆದರೆ ಅರ್ಧವಿರಾಮ ಕೇಳಿದ್ದು ಇನ್ನೂ ಬಾಕಿ. ಕೊಲೆಯಿಂದ ಕಡತಕ್ಕೆ ಪದ ಜಿಗಿದದ್ದು ಹೇಗೆ?

ಮೊದಮೊದಲು ಅದು ಅಕ್ಷರಶಃ ಅರ್ಥದಲ್ಲೇ ಓಡಾಡಿತು, ಭಯದ ಪದವಾಗಿ. 1831ರಲ್ಲಿ ಲಂಡನ್ನಿನಲ್ಲಿ ಬಿಷಪ್ ಮತ್ತು ವಿಲಿಯಮ್ಸ್ ಎಂಬಿಬ್ಬರು ಮಾರುವುದಕ್ಕೆಂದೇ ಹುಡುಗನೊಬ್ಬನನ್ನು ಕೊಂದು ಗಲ್ಲಿಗೇರಿದರು. ಅವರನ್ನು ಜನ ‘ಲಂಡನ್ ಬರ್ಕರ್‌ಗಳು’ ಎಂದರು. ಗಮನಿಸಿ, ಎರಡೇ ವರ್ಷದಲ್ಲಿ ಒಬ್ಬನ ಹೆಸರು ಕಸುಬಿನ ಹೆಸರಾಗಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಅಬರ್ಡೀನಿನಲ್ಲಿ ಅಂಗರಚನಾ ಶಾಲೆಯ ಹಿಂದೆ ನಾಯಿ ಕೆದರಿ ಮನುಷ್ಯದೇಹದ ತುಂಡು ಹೊರಬಂದು, ರೊಚ್ಚಿಗೆದ್ದ ಜನ ಕಟ್ಟಡಕ್ಕೇ ಬೆಂಕಿಯಿಟ್ಟರು. ಆ ಕಟ್ಟಡವನ್ನು ಊರವರು ‘ಬರ್ಕಿನ್ ಹೂಸ್’ ಎನ್ನುತ್ತಿದ್ದರು, ಅಂದರೆ ಬರ್ಕ್ ಮಾಡುವ ಮನೆ. ಊರೂರು ಸುತ್ತುವ ಸ್ಕಾಟಿಷ್ ಅಲೆಮಾರಿ ಸಮುದಾಯದಲ್ಲಂತೂ ‘ಬರ್ಕರ್’ ಕಥೆಗಳು 20ನೇ ಶತಮಾನದವರೆಗೂ ಉಳಿದವು. ರಾತ್ರಿ ಕಪ್ಪು ಗಾಡಿಯಲ್ಲಿ ವೈದ್ಯರು ಬಂದು ಎತ್ತಿಕೊಂಡು ಹೋಗುತ್ತಾರೆ ಎಂಬ ಕಥೆಗಳು. ಎಡಿನ್‌ಬರೋದ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್‌ನವರು ಅವನ್ನು ಧ್ವನಿಮುದ್ರಿಸಿ ಇಟ್ಟಿದ್ದಾರೆ. ಹೇಳಹೆಸರಿಲ್ಲದ ಬಡವರಿಗೆ, ಸತ್ತರೆ ಕೇಳುವವರಿಲ್ಲದವರಿಗೆ ಆ ಪದ ಇತಿಹಾಸ ಆಗಿರಲಿಲ್ಲ.

ಪಾರ್ಲಿಮೆಂಟು 1832ರಲ್ಲಿ ಅಂಗರಚನಾ ಕಾಯ್ದೆ ತಂದಿತು. ವಾರಸುದಾರರಿಲ್ಲದ ದೇಹಗಳು, ಮುಖ್ಯವಾಗಿ ಬಡವರ ಆಶ್ರಯಮನೆಗಳಲ್ಲಿ ಸತ್ತವರವು, ಕಾನೂನುಬದ್ಧವಾಗಿ ಶಾಲೆಗಳಿಗೆ ಸಿಗುವಂತಾಯಿತು. ಕೊಲೆಗಾರರನ್ನು ಕೊಯ್ಯುವ ಶಿಕ್ಷೆ ನಿಂತಿತು. ಹೆಣದ ವ್ಯಾಪಾರ ಕುಸಿಯಿತು. ಪದಕ್ಕೆ ಈಗ ಕೆಲಸವಿಲ್ಲ. ಅಕ್ಷರಶಃ ಬರ್ಕ್ ಮಾಡುವವರೇ ಇಲ್ಲ. ಕೆಲಸವಿಲ್ಲದ ಪದ ಒಂದೋ ಸಾಯಬೇಕು, ಇಲ್ಲವೇ ಬೇರೆ ಕಡೆ ನೌಕರಿ ಹಿಡಿಯಬೇಕು. ಇದು ರಾಜಕೀಯಕ್ಕೂ ಪತ್ರಿಕೆಗೂ ಹೋಯಿತು. 19ನೇ ಶತಮಾನದ ನಡುಭಾಗಕ್ಕೆ ಬರುವಷ್ಟರಲ್ಲಿ ಪ್ರಶ್ನೆಯನ್ನು ಬರ್ಕ್ ಮಾಡಿದರು, ವರದಿಯನ್ನು ಬರ್ಕ್ ಮಾಡಿದರು, ವಿಚಾರಣೆಯನ್ನು ಬರ್ಕ್ ಮಾಡಿದರು ಎಂಬ ಬಳಕೆ ಸಾಮಾನ್ಯ.

ತಕರಾರು:
ಇದರಲ್ಲಿ ಅಂಥ ವಿಶೇಷವೇನು? ಎಲ್ಲ ಭಾಷೆಯಲ್ಲೂ ಇದೆ. ನಾವೂ ‘ಪ್ರಜಾಪ್ರಭುತ್ವದ ಕತ್ತು ಹಿಸುಕಿದರು’ ಅಂತೀವಿ. ಕೊಲೆಯ ಪದ ಯಾವುದಾದರೂ ಸರಿ, ಚರ್ಚೆಗೆ ಅನ್ವಯಿಸಿದರೆ ಅದುಮುವುದು ಅಂತಲೇ ಆಗುತ್ತೆ.

ನಿಘಂಟುಪ್ರಿಯೆ:
ಆಗುವುದಿಲ್ಲ. ‘ಕತ್ತು ಹಿಸುಕಿದರು’ ಅಂದಾಗ ಎಲ್ಲರ ಕಣ್ಣಮುಂದೆ, ಬಲವಂತದಿಂದ, ಕ್ರೂರವಾಗಿ ಎಂಬ ಚಿತ್ರ ಬರುತ್ತದೆ. ಸಭೆಗೆ ಪೊಲೀಸರನ್ನು ನುಗ್ಗಿಸಿ ಚದುರಿಸಿದರೆ ಅದನ್ನು ಇಂಗ್ಲಿಷಿನಲ್ಲಿ ಬರ್ಕ್ ಎನ್ನುವುದಿಲ್ಲ. ಆ ವಿಷಯ ಕಾರ್ಯಸೂಚಿಗೇ ಬಾರದ ಹಾಗೆ ನೋಡಿಕೊಂಡರೆ ಬರ್ಕ್. ವರದಿಯನ್ನು ಬಹಿರಂಗವಾಗಿ ತಿರಸ್ಕರಿಸಿದರೆ ಅಲ್ಲ, ಅದು ಮುದ್ರಣಕ್ಕೇ ಹೋಗದಂತೆ ಕಪಾಟಿನಲ್ಲಿ ಇಟ್ಟರೆ ಹೌದು. ಕೊಂದದ್ದಕ್ಕೆ ಗುರುತಿಲ್ಲ, ಕೊಲೆಯೇ ಆಗಿಲ್ಲ ಅನ್ನುವ ಹಾಗೆ ಇರಬೇಕು. ಫೊರೆನ್ಸಿಕ್‌ಭಯ ಬರೆದದ್ದನ್ನು ಇನ್ನೊಮ್ಮೆ ಓದಿ. ಎರಡು ಅರ್ಥಗಳನ್ನು ಹೊಲಿದಿರುವ ದಾರ ಅದೇ.

ತಕರಾರು:
ಹ್ಮ್. ಕಾರ್ಯಸೂಚಿ ಉದಾಹರಣೆ ಒಪ್ಪಬಹುದು. ಆದರೆ ಬರೆಯುವವರೆಲ್ಲ ಅಷ್ಟು ಸೂಕ್ಷ್ಮ ನೋಡಿ ಬಳಸುತ್ತಾರೆ ಅನ್ನೋದು ನಂಬೋಕಾಗಲ್ಲ.

ಮಾಜಿಖಾಕಿ:
ಈಗ ನೋಡಿದೆ ಈ ಚರ್ಚೆ. ಅರ್ಧವಿರಾಮ ಮೇಡಂ, ನಿಮ್ಮ ವರದಿಯಲ್ಲಿ ‘ದೂರನ್ನು’ ಬರ್ಕ್ ಮಾಡಿದರು ಎಂದಿದೆ ಅಂದಿರಿ. ಹಾಗಿದ್ದರೆ ನಿಮಗೆ ಬೇಕಾದ ಅರ್ಥ ಲಂಡನ್ ನಿಘಂಟಿನಲ್ಲಿಲ್ಲ, ನಮ್ಮ ದೇಶದ ಪೊಲೀಸ್ ಇಲಾಖೆಯಲ್ಲಿದೆ.

ಇಂಗ್ಲೆಂಡಿನಲ್ಲಿ ಈಗ ಈ ಪದ ಅಷ್ಟಾಗಿ ಕೇಳಿಬರದೇ ಇರಬಹುದು. ಭಾರತದ ಪೊಲೀಸ್ ಭಾಷೆಯಲ್ಲಿ ‘ಬರ್ಕಿಂಗ್’ ದಿನಬಳಕೆಯ ಪದ. ತರಬೇತಿಯಲ್ಲಿ ಹೇಳಿಕೊಡುತ್ತಾರೆ, ಮೇಲಧಿಕಾರಿಗಳ ಸುತ್ತೋಲೆಗಳಲ್ಲಿ ಬರುತ್ತದೆ. ಅರ್ಥ ಬಹಳ ಖಚಿತ. ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ, ದೂರು ಬಂದಾಗ ಎಫ್‌ಐಆರ್ ದಾಖಲಿಸದೆ ಕಳಿಸಿಬಿಡುವುದು. ಇದರ ಜೋಡಿ ಪದ ‘ಮಿನಿಮೈಸೇಷನ್’, ಅಂದರೆ ದಾಖಲಿಸುತ್ತಾರೆ, ಆದರೆ ದರೋಡೆಯನ್ನು ಕಳವು ಅಂತ, ದೊಡ್ಡ ಸೆಕ್ಷನ್ ಬಿಟ್ಟು ಚಿಕ್ಕ ಸೆಕ್ಷನ್ ಹಾಕಿ.

ಯಾಕೆ ಮಾಡುತ್ತಾರೆ ಅಂದರೆ, ತಿಂಗಳ ಕ್ರೈಂ ಮೀಟಿಂಗ್‌ನಲ್ಲಿ ಹೋದ ವರ್ಷದ ಅಂಕಿಯ ಪಕ್ಕ ಈ ವರ್ಷದ್ದು ಇಟ್ಟು ನೋಡುತ್ತಾರೆ. ದಾಖಲಾದ ಕೇಸು ಏರಿದರೆ ಠಾಣೆಯವನಿಗೆ ಬೈಗುಳ. ಕೇಸು ದಾಖಲಾದರೆ ಪತ್ತೆ ಮಾಡಬೇಕು, ಪತ್ತೆಯಾಗದಿದ್ದರೆ ಅದಕ್ಕೂ ಬೈಗುಳ. ದಾಖಲಾಗದ ಅಪರಾಧ ಅಂಕಿಯಲ್ಲಿ ನಡೆದೇ ಇಲ್ಲ. ನಿಘಂಟುಪ್ರಿಯೆ ಹೇಳಿದ ‘ಗುರುತಿಲ್ಲ’ ಇಲ್ಲಿ ಎಷ್ಟು ಸರಿ ಹೊಂದುತ್ತದೆ ನೋಡಿ. ದೂರುದಾರ ಬಂದದ್ದಕ್ಕೆ ಕಾಗದದ ಮೇಲೆ ಏನೂ ಇರುವುದಿಲ್ಲ. ಬಾಯಿಮಾತಿನಲ್ಲಿ ‘ನೋಡ್ತೀವಿ, ಹೋಗಿ ಬನ್ನಿ’. ಹೆಚ್ಚೆಂದರೆ ಒಂದು ಹಿಂಬರಹ (ದೂರಿನ ಬಗ್ಗೆ ಠಾಣೆಯವರು ಬರೆದುಕೊಡುವ ಚೀಟಿ) ಕೊಟ್ಟು ಕಳಿಸುವುದು, ಅಥವಾ ಇಬ್ಬರನ್ನೂ ಕರೆಸಿ ಠಾಣೆಯಲ್ಲೇ ರಾಜಿ ಮಾಡಿಸುವುದು.

ಕಾನೂನು ಇದಕ್ಕೆ ಅವಕಾಶ ಕೊಡುವುದಿಲ್ಲ. ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಸ್ಪಷ್ಟಪಡಿಸಿತು: ಮಾಹಿತಿಯಲ್ಲಿ ಸಂಜ್ಞೇಯ ಅಪರಾಧ ಕಂಡರೆ ಎಫ್‌ಐಆರ್ ಕಡ್ಡಾಯ. ಕೆಲವು ಬಗೆಯ ಪ್ರಕರಣಗಳಲ್ಲಿ ಮಾತ್ರ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಲಿಖಿತವಾಗಿ ಕಳಿಸುವ ದಾರಿ ಹಿಂದೆಯೂ ಇತ್ತು, ಈಗಲೂ ಇದೆ.

ನಾನು ಸೇವೆಯಲ್ಲಿದ್ದಷ್ಟು ಕಾಲ ಈ ಪದವನ್ನು ಸಾವಿರ ಸಲ ಬಳಸಿದ್ದೇನೆ. ಕೊಲೆಗಾರನ ಹೆಸರು ಅನ್ನುವುದು ಇವತ್ತು ತಿಳಿಯಿತು. ನಮಗೆ ತರಬೇತಿ ಕೊಟ್ಟವರೂ ಹೇಳಲಿಲ್ಲ.

ಫೊರೆನ್ಸಿಕ್‌ಭಯ:
ಸರ್, ತಮಾಷೆ ಏನಂದ್ರೆ ಒಂದೇ ಪ್ರಕರಣದ ಕಡತದಲ್ಲಿ ಎರಡೂ ಬರಬಹುದು. ಪೋಸ್ಟ್‌ಮಾರ್ಟಂ ವರದಿಯಲ್ಲಿ ನಮ್ಮ ಬರ್ಕಿಂಗ್, ಇಲಾಖಾ ವಿಚಾರಣೆಯಲ್ಲಿ ನಿಮ್ಮ ಬರ್ಕಿಂಗ್.

ಮಾಜಿಖಾಕಿ:
ಹಾಗೆ ಬಂದರೆ ಅದು ತಮಾಷೆ ಆಗಿರುವುದಿಲ್ಲಮ್ಮ.

ಕಾಗುಣಿತ:
ಹೆಸರು ಕ್ರಿಯಾಪದ ಆಗೋದು ಇಂಗ್ಲಿಷಲ್ಲಿ ಬಹಳ. ಬಾಯ್ಕಾಟ್ ಕೂಡ ಒಬ್ಬ ಕ್ಯಾಪ್ಟನ್ ಹೆಸರಲ್ವಾ?

ನಿಘಂಟುಪ್ರಿಯೆ:
ಹೌದು, ಚಾರ್ಲ್ಸ್ ಬಾಯ್ಕಾಟ್. 1880ರಲ್ಲಿ ಐರ್ಲೆಂಡಿನ ಮೇಯೋ ಪ್ರಾಂತ್ಯದಲ್ಲಿ ಜಮೀನ್ದಾರನ ಪರವಾಗಿ ಗೇಣಿ ವಸೂಲಿ ಮಾಡುತ್ತಿದ್ದವನು, ರೈತರು ಅವನ ಜೊತೆ ವ್ಯವಹಾರವನ್ನೇ ನಿಲ್ಲಿಸಿದರು. ಬೌಡ್ಲರ್ ಎಂಬವರು ಷೇಕ್ಸ್‌ಪಿಯರ್ ನಾಟಕಗಳಿಂದ ‘ಅಸಭ್ಯ’ ಸಾಲುಗಳನ್ನು ಕತ್ತರಿಸಿ ಕುಟುಂಬದವರು ಓದುವಂಥ ಆವೃತ್ತಿ ತಂದದ್ದರಿಂದ ‘ಬೌಡ್ಲರೈಸ್’ ಬಂತು. ವ್ಯತ್ಯಾಸ ನೋಡಿ. ಬಾಯ್ಕಾಟ್ ಆ ಕೆಲಸ ಮಾಡಿದವನಲ್ಲ, ಅನುಭವಿಸಿದವನು. ಬರ್ಕ್, ಬೌಡ್ಲರ್ ಮಾಡಿದವರು. ‘ಬರ್ಕ್ ಹಿಮ್’ ಎಂದು ಜನ ಕೂಗಿದ ಆ ಒಂದು ಗಳಿಗೆಯಲ್ಲಿ ಮಾತ್ರ ಮಾಡಿದವನೂ ಅನುಭವಿಸಬೇಕಾದವನೂ ಒಬ್ಬನೇ.

ಅರ್ಧವಿರಾಮ:
ಇಷ್ಟೆಲ್ಲ ಬರುತ್ತದೆಂದು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆ. ‘ಮುಚ್ಚಿಹಾಕು’ ಯಾಕೆ ಒಗ್ಗಲಿಲ್ಲ ಎಂದು ಈಗ ಹೊಳೆಯಿತು. ಮುಚ್ಚಿಹಾಕಬೇಕಾದರೆ ಮೊದಲು ಒಂದು ಪ್ರಕರಣ ಅಂತ ಇರಬೇಕು, ತನಿಖೆ ಶುರುವಾಗಿರಬೇಕು. ಇಲ್ಲಿ ಪ್ರಕರಣವಾಗುವುದಕ್ಕೇ ಬಿಟ್ಟಿಲ್ಲ. ‘ಹುಟ್ಟಡಗಿಸು’ ಹೇಗೆ?

ತಕರಾರು:
ಹುಟ್ಟಡಗಿಸು ಅಂದ್ರೆ ಶತ್ರುವಿನ ಹುಟ್ಟಡಗಿಸಿದ, ಯುದ್ಧದ ಆರ್ಭಟ. ಸದ್ದು ಜಾಸ್ತಿ ಆಯ್ತು.

ಹಳೇಸಂಪುಟ:
‘ಸೊಲ್ಲಡಗಿಸು’ ನೋಡಿ. ಸೊಲ್ಲು ಎಂದರೆ ಮಾತು, ದನಿ. ಸೊಲ್ಲಡಗುವುದಕ್ಕೆ ಸುಮ್ಮನಾಗುವುದು ಎಂದೂ ಆಗುತ್ತದೆ, ಸಾಯುವುದರ ನೆರಳೂ ಅದರ ಮೇಲೆ ಬೀಳುತ್ತದೆ. ಇಂಗ್ಲಿಷ್ ಪದದ ಎರಡು ಮುಖಗಳಿಗೆ ಇಷ್ಟು ಹತ್ತಿರದ ಕನ್ನಡ ಪದ ಇನ್ನೊಂದು ನನಗೆ ಕಾಣುವುದಿಲ್ಲ. ಪ್ರಬಂಧಕ್ಕೋ ಅಂಕಣಕ್ಕೋ ಆದರೆ ಕಣ್ಣುಮುಚ್ಚಿ ಬಳಸುತ್ತಿದ್ದೆ.

ಸುಮ್ನೆಬಂದೆ:
‘ಬರ್ಕ್ ಮಾಡು’ ಅಂತಲೇ ಬರೆದ್ರೆ? ಬುಕ್ ಮಾಡು, ಬ್ಲಾಕ್ ಮಾಡು ಎಲ್ಲ ನಡೀತಿದೆಯಲ್ಲ.

ನಿಘಂಟುಪ್ರಿಯೆ:
ಅವನ್ನು ಓದುಗರು ಬಲ್ಲರು, ಇದನ್ನು ಬಲ್ಲವರು ಪೊಲೀಸರು, ವೈದ್ಯರು ಮಾತ್ರ. ಅವರಿಬ್ಬರಿಗೂ ಬೇರೆ ಬೇರೆ ಅರ್ಥ. ದೂರುದಾರ ಓದಬೇಕಾದ ವರದಿಯಲ್ಲಿ ಬೇಡ.

ಮಾಜಿಖಾಕಿ:
ಸೊಲ್ಲಡಗಿಸು ಕೇಳಲು ಚೆಂದ, ಹಳೇಸಂಪುಟ ಅವರೇ. ಆದರೆ ಇದು ನಾಳೆ ಶಿಸ್ತುಕ್ರಮಕ್ಕೆ ಆಧಾರವಾಗಬಹುದಾದ ವರದಿ. ‘ದೂರಿನ ಸೊಲ್ಲಡಗಿಸಲಾಯಿತು’ ಎಂದು ಬರೆದರೆ ಎದುರು ಪಕ್ಷದ ವಕೀಲರು ‘ಏನು ಮಾಡಿದರು ಅಂತ ಹೇಳಿ’ ಅನ್ನುತ್ತಾರೆ. ಮಾಡಿದ ಕೃತ್ಯವನ್ನು ಬರೆಯಿರಿ. ದಾಖಲಿಸಿಕೊಳ್ಳಲಿಲ್ಲ. ಅದೇ ಆರೋಪ.

ಅರ್ಧವಿರಾಮ:
ಎರಡು ಕಡೆ ಎರಡು ಬಗೆ ಇಟ್ಟಿದ್ದೇನೆ. ಘಟನೆಯ ವಿವರ ಬರುವ ಜಾಗದಲ್ಲಿ: ‘ದೂರನ್ನು ದಾಖಲಿಸಿಕೊಳ್ಳದೆ ಠಾಣೆಯ ಮಟ್ಟದಲ್ಲೇ ಅದುಮಿಡಲಾಯಿತು.’ ಆಯೋಗ ತನ್ನ ಅಭಿಪ್ರಾಯ ಹೇಳುವ ಕೊನೆಯ ಭಾಗದಲ್ಲಿ: ‘ಅಪರಾಧಗಳ ದೂರುಗಳನ್ನು ದಾಖಲಾಗುವ ಮೊದಲೇ ಸೊಲ್ಲಡಗಿಸುವ ಪರಿಪಾಠ ಕಂಡುಬಂದಿದೆ.’ ಅಲ್ಲಿ ಇಂಗ್ಲಿಷಿನಲ್ಲೂ ಸ್ವಲ್ಪ ಏರುದನಿ ಇದೆ.

ತಕರಾರು:
ಮೊದಲ ವಾಕ್ಯದಲ್ಲಿ ‘ಅದುಮಿಡಲಾಯಿತು’. ಯಾರು ಅದುಮಿದ್ದು? ಕರ್ತೃವೇ ಇಲ್ಲ.

ಅರ್ಧವಿರಾಮ:
ಮೂಲದಲ್ಲೂ ಇಲ್ಲ. ಆಯೋಗ ಹೆಸರಿಸದವರನ್ನು ಅನುವಾದದಲ್ಲಿ ನಾನು ಹೆಸರಿಸಲು ಬರುವುದಿಲ್ಲ.

ಮಾಜಿಖಾಕಿ:
ಸರಿಯಾದ ಮಾತು. ಒಂದು ಕೆಲಸ ಮಾಡಿ ಮೇಡಂ. ಅನುಬಂಧದಲ್ಲಿ ಹಿಂಬರಹದ ಪ್ರತಿ ಇದೆಯೇ ನೋಡಿ. ಇದ್ದರೆ ಅದರ ಮೇಲೆ ತಾರೀಖು, ಮೊಹರು, ಸಹಿ ಇರುತ್ತದೆ. ಅದನ್ನು ಅಕ್ಷರ ಬಿಡದೆ ಅನುವಾದಿಸಿ. ಉಳಿದದ್ದನ್ನು ಓದುವವರು ನೋಡಿಕೊಳ್ಳುತ್ತಾರೆ.

ಅರ್ಧವಿರಾಮ:
ಇದೆ. ಎರಡು ಸಾಲು, ಕೈಬರಹ. ಮೊಹರು ಅರ್ಧ ಮಾತ್ರ ಮೂಡಿದೆ, ಹುದ್ದೆಯ ಹೆಸರು ಓದಲು ಬರುತ್ತಿದೆ. ಇವತ್ತೇ ಮಾಡುತ್ತೇನೆ.